ಪರದೆ ತುಂಬ ವಧೂವರರು

ನಮ್ಮ ಸೋದರಮಾವ ಮದುವೆಯಾಗಲಿಲ್ಲ. ಆ ಸೇಡನ್ನು ಊರಿನವರ ಮೇಲೆ ತೀರಿಸಿಕೊಳ್ಳಲು ಸಿಕ್ಕಸಿಕ್ಕವರಿಗೆಲ್ಲ ಮದುವೆ ಮಾಡಿಸುತ್ತಿದ್ದರು! ಇದು ನನ್ನ ಮಾತಲ್ಲ, ಅವರ ಕೈಯಲ್ಲಿ ಮದುವೆ ಮಾಡಿಸಿಕೊಂಡ ಗಂಡಸರ ಮಾತು. ಹೆಂಗಸರು ಹೇಳುವುದು ಇನ್ನೂ ಖಾರವಾಗಿದೆ, ಅದನ್ನು ಅಚ್ಚು ಮಾಡುವ ಹಾಗಿಲ್ಲ.

ಮದುವೆ ಮಾಡಿಸುವವರು ಎಲ್ಲ ಊರಿನಲ್ಲೂ ಇರುತ್ತಾರೆ, ಅದರಲ್ಲೇನು ವಿಶೇಷ ಅನ್ನುತ್ತೀರಾ? ಸ್ವಲ್ಪ ತಾಳಿ. ಬೇರೆಯವರ ಕಂಕುಳಲ್ಲಿ ಒಂದು ಚೀಲ ಇರುತ್ತದೆ, ಚೀಲದಲ್ಲಿ ಜಾತಕಗಳಿರುತ್ತವೆ. ನಮ್ಮ ಮಾವನ ಬಳಿ ಕಂಪ್ಯೂಟರ್ ಇತ್ತು! ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು ಇದು. ಶ್ರೀರಾಂಪುರದ ಅವರ ಮನೆಯ ಮುಂದಿನ ಕೋಣೆಯಲ್ಲಿ, ಆ ಕಂಪ್ಯೂಟರಿನ ಪರದೆಯ ಮೇಲೆ, ಮೈಸೂರು ಸುತ್ತಮುತ್ತಲಿನ ಮದುವೆಯಾಗದ ಗಂಡುಹೆಣ್ಣುಗಳೆಲ್ಲ ಎದುರುಬದುರು ಸಾಲಾಗಿ ಕೂತಿದ್ದರು. ಎಲೆ ಹಾಕಿ ನೀರು ಚಿಮುಕಿಸುವುದೊಂದೇ ಬಾಕಿ.

ಇದೆಲ್ಲ ಶುರುವಾದದ್ದು ನಮ್ಮ ಚಿಕ್ಕಮ್ಮನಿಂದ. ಚಿಕ್ಕಮ್ಮ ಅಂದರೆ ನಮ್ಮಮ್ಮನ ತಂಗಿ, ಮಾವನಿಗೆ ಕೊನೆಯ ತಂಗಿ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ಬಂದವಳು ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುವ ಪೈಕಿಯಲ್ಲ. ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತ, ಅಳತೆ ತೆಗೆಯುವ ಹೊತ್ತಿನಲ್ಲೇ ಅವರ ಸಂಸಾರದ ಅಳತೆಯನ್ನೂ ತೆಗೆಯುತ್ತ ಗಟ್ಟಿಯಾಗಿ ನಿಂತಳು. ಆದರೆ ಮಾವನಿಗೆ ಒಂದೇ ಹಟ: ಇವಳಿಗೆ ಮತ್ತೆ ಮದುವೆ ಮಾಡಬೇಕು, ಇವಳಿಗೂ ಒಂದು ಸ್ವಂತ ಮನೆ ಅಂತ ಆಗಬೇಕು. ಅದಕ್ಕಾಗಿ ಊರಿನ ದಲ್ಲಾಳಿಗಳ ಮನೆಗಳನ್ನೆಲ್ಲ ಸುತ್ತಿದರು. ಕೊನೆಗೆ ಒಬ್ಬ ಮಹಾನುಭಾವ ಎಲೆಯಡಿಕೆ ಜಗಿಯುತ್ತ ಹೇಳಿದನಂತೆ: "ಕನ್ನೆ ಹೆಣ್ಮಕ್ಳಿಗೇ ಗಂಡು ಸಿಕ್ತಿಲ್ಲ, ನೀವು ಇದನ್ನ ತಂದ್ರಲ್ಲ ಸ್ವಾಮಿ!"

'ಇದನ್ನ' ಎಂಬ ಮಾತು ಕಿವಿಗೆ ಬಿದ್ದದ್ದೇ ಮಾವ ಎದ್ದು ಮನೆಗೆ ಬಂದರು. "ಇವ್ರ ಬಾಗ್ಲು ಕಾಯೋದ್ಯಾಕೆ? ನಾನೇ ಅಂಗ್ಡಿ ತೆಗೀತೀನಿ ಬುಡು! ಇಡೀ ಊರ್‌ನ ಗಂಡುಗಳು ನಮ್ ಮನೆ ಬಾಗ್ಲಿಗೇ ಬರ್ಲಿ. ಅದ್ರಲ್ಲಿ ಒಬ್ಬ ಮನುಷ್ಯ ಇರಾಕಿಲ್ವಾ?" ಅಂದರು. ಸರ್ಕಾರಿ ಕಚೇರಿಯ ಕೆಲಸಕ್ಕೆ ಸ್ವಯಂನಿವೃತ್ತಿ ಬರೆದುಕೊಟ್ಟರು. ಹಳೆಯ ಕಂಪ್ಯೂಟರ್ ಒಂದನ್ನು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ಬಾಗಿಲಿಗೆ 'ವಧೂವರರ ಮಾಹಿತಿ ಕೇಂದ್ರ' ಎಂದು ಬೋರ್ಡು ಬಿತ್ತು.

ನಾನಾಗ ಕಾಲೇಜಿನಲ್ಲಿ ಬಿ.ಕಾಂ. ಓದುತ್ತ, ಸಂಜೆ ಹೊತ್ತು ಕಂಪ್ಯೂಟರ್ ಕೋರ್ಸಿಗೆ ಹೋಗುತ್ತಿದ್ದೆ. ಹಾಗಾಗಿ ನಾನೇ ಕೇಂದ್ರದ ತಾಂತ್ರಿಕ ಸಲಹೆಗಾರ್ತಿ! ಸಂಬಳ: ಚಿಕ್ಕಮ್ಮ ಮಾಡುತ್ತಿದ್ದ ಅಕ್ಕಿರೊಟ್ಟಿ. ನಾನು ಕೊಟ್ಟ ಮೊದಲ ಸಲಹೆಯೇ ತಿರಸ್ಕೃತವಾಯಿತು. "ಮಾವ, ಗಂಡುಗಳಿಗೆ ಒಂದು ಫೋಲ್ಡರ್, ಹೆಣ್ಣುಗಳಿಗೆ ಒಂದು ಫೋಲ್ಡರ್ ಮಾಡಿ, ಅದರೊಳಗೆ ಹಾಕಿಡೋಣ" ಅಂದೆ. ಮಾವ ನನ್ನನ್ನು ಕೊಲೆಗಾರ್ತಿಯ ಹಾಗೆ ನೋಡಿದರು.

"ಒಳಗೆ ಹಾಕ್ಬೇಕಾ? ರೆಕಾರ್ಡ್ ರೂಮಲ್ಲಿ ಕೂದಲು ಬೆಳ್ಳಗೆ ಮಾಡ್ಕೊಂಡೋನು ಕಣೇ ನಾನು! ಮೇಜಿನ್ ಮೇಲಿರೋ ಫೈಲು ಇವತ್ತಲ್ಲ ನಾಳೆ ರುಜು ಬೀಳ್ತದೆ. ಬೀರು ಒಳಕ್ಕೋದ್ ಫೈಲು ಹೆಣ. ನಾನು ಯಾರ ಮಕ್ಕಳನ್ನೂ ಬೀರು ಒಳಕ್ಕೆ ಹಾಕಾಕಿಲ್ಲ. ಎಲ್ರೂ ಕಣ್ಮುಂದೆ ಇರ್ಬೇಕು."

ಹೀಗೆ ಎಲ್ಲರೂ ಪರದೆಯ ಮೇಲೆಯೇ ಬಂದು ಕೂತರು. ಒಬ್ಬೊಬ್ಬರಿಗೂ ಒಂದೊಂದು ಶಾರ್ಟ್‌ಕಟ್. ಕಂಪ್ಯೂಟರ್ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಶಾರ್ಟ್‌ಕಟ್ ಅಂದರೆ ಒಂದು ಪುಟ್ಟ ಚಿತ್ರ, ಅದರ ಮೂಲೆಯಲ್ಲೊಂದು ಬಗ್ಗಿದ ಬಾಣ, ಕೆಳಗೆ ಹೆಸರು. ಅದನ್ನು ಒತ್ತಿದರೆ ಎಲ್ಲೋ ಒಳಗಿರುವ ಫೈಲು ತೆರೆಯುತ್ತದೆ. ಅದು ಬರೀ ಕೈಮರ. ಕೈಮರ ಕಿತ್ತರೆ ಊರೇನೂ ಹಾಳಾಗುವುದಿಲ್ಲ. ಮಾವನ ಪರದೆಯಲ್ಲಿ 'ರತ್ನ 24 ಟೀಚರ್', 'ಶಿವಣ್ಣ 29 ರೇಷ್ಮೆ ಇಲಾಖೆ' ಅಂತ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕೈಮರಗಳು ನಿಂತವು. ಎಡಗಡೆ ಗಂಡಿನವರು, ಬಲಗಡೆ ಹೆಣ್ಣಿನವರು, ನಡುವೆ ಮರ್ಯಾದೆಗೆ ಒಂದಿಷ್ಟು ಜಾಗ. ಹೆಣ್ಣಿನ ಸಾಲಿನ ಮೊದಲ ಸ್ಥಾನ ಯಾವಾಗಲೂ ಚಿಕ್ಕಮ್ಮನಿಗೆ.

ತೊಂದರೆ ಇದ್ದದ್ದು ಮೌಸಿನಲ್ಲಿ. ಟೈಪ್‌ರೈಟರ್ ಕುಟ್ಟಿ ಕುಟ್ಟಿ ಗಟ್ಟಿಯಾದ ಮಾವನ ಬೆರಳುಗಳು ಕೀಬೋರ್ಡಿನ ಮೇಲೆ ಕುದುರೆಯ ಹಾಗೆ ಓಡುತ್ತಿದ್ದವು, ಮೌಸ್ ಹಿಡಿದರೆ ನಡುಗುತ್ತಿದ್ದವು. ಮೊದಲ ವಾರದಲ್ಲೇ, ಹೆಣ್ಣಿನ ತಂದೆತಾಯಿ ಎದುರಿಗೇ ಕೂತಿರುವಾಗ, ಅವರ ಮಗಳನ್ನು ಎಳೆದು ಒಂದು ಚೂರು ಪಕ್ಕಕ್ಕೆ ಇಡಲು ಹೋಗಿ ಕಸದಬುಟ್ಟಿಯೊಳಕ್ಕೆ ಬೀಳಿಸಿಬಿಟ್ಟರು! "ಏನ್ ಸ್ವಾಮಿ ಇದು, ನಮ್ ಮಗ್ಳನ್ನ ತಿಪ್ಪೆಗೆಸೆದ್ರಲ್ಲ!" ಅಂತ ಆ ತಾಯಿ ಎದ್ದು ನಿಂತರು. ಕೈಮರದ ಕಥೆಯನ್ನು ಅವರಿಗೆ ತಿಳಿಯಹೇಳುವಷ್ಟರಲ್ಲಿ ಚಿಕ್ಕಮ್ಮ ಇನ್ನೊಂದು ಸುತ್ತು ಕಾಫಿ ತರಬೇಕಾಯಿತು.

ಮಾವನ ಪೇಚಾಟ ಕೇಳಿ ಕಂಪ್ಯೂಟರ್ ಮಾರಿದವರೇ ಒಂದು ಪುಟ್ಟ ಪ್ರೋಗ್ರಾಂ ಹಾಕಿಕೊಟ್ಟರು. ಅಬ್ಬಾ, ಅದೇನು ಪ್ರೋಗ್ರಾಮೋ, ಅದೇನು ಸಂಭ್ರಮವೋ! ನೋಟ್‌ಪ್ಯಾಡಿನಲ್ಲಿ ಒಂದು ಸಾದಾ ಪಟ್ಟಿ ಬರೆದರಾಯಿತು. ಸಾಲಿಗೊಬ್ಬರು. ಹೆಸರು, ವಯಸ್ಸು, ಕೆಲಸ, ಆಮೇಲೆ ಒಂದು ಅಲ್ಪವಿರಾಮ ಹಾಕಿ ಅವರ ಫೈಲು ಎಲ್ಲಿದೆ ಅನ್ನುವ ವಿಳಾಸ. ಪಟ್ಟಿ ಉಳಿಸಿ ಪ್ರೋಗ್ರಾಂ ಓಡಿಸಿದರೆ ಹಳೆಯ ಕೈಮರಗಳೆಲ್ಲ ಒಂದೇ ಏಟಿಗೆ ಮಾಯ, ಹೊಸ ಪಟ್ಟಿಯ ಪ್ರಕಾರ ಎಲ್ಲರೂ ಠಣ್ ಠಣ್ ಅಂತ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರುವುದು! ಮಾವ ಮೊದಲ ಸಲ ಅದನ್ನು ನೋಡಿದಾಗ ಕುರ್ಚಿಯಿಂದ ಎದ್ದು ಕೈ ಮುಗಿದರು. "ನೋಡ್ದೇನೇ! ಒಂದು ಆರ್ಡರ್ ಬರ್ದು ಜಿಲ್ಲೆಗೆಲ್ಲ ವರ್ಗಾವಣೆ ಮಾಡ್ದಂಗೆ!" ಅಂದರು. ಇಡೀ ನೌಕರಿಯಲ್ಲಿ ಯಾರನ್ನೂ ವರ್ಗ ಮಾಡುವ ಅಧಿಕಾರ ಸಿಗದಿದ್ದ ಮನುಷ್ಯ, ಆ ದಿನ ಇಡೀ ಪರದೆಯನ್ನು ಸುಮ್ಮಸುಮ್ಮನೆ ಆರೇಳು ಸಲ ಎಬ್ಬಿಸಿ ಕೂರಿಸಿದರು.

ಅಲ್ಲಿಂದ ಮುಂದೆ ಮಾವನಿಗೆ ಕಂಪ್ಯೂಟರ್ ಅಂದರೆ ಆ ಪಟ್ಟಿ, ಪಟ್ಟಿ ಅಂದರೆ ಕಂಪ್ಯೂಟರ್. ಮಾತು ನಡೆಯುತ್ತಿರುವ ಸಂಬಂಧಗಳ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಹೊರಟರು. ಆ ಚಿಹ್ನೆಯಿರುವ ಹೆಸರನ್ನು ಕಂಪ್ಯೂಟರ್ ಒಪ್ಪುವುದಿಲ್ಲವಲ್ಲ, ಆ ಸಾಲುಗಳೆಲ್ಲ ಪರದೆಗೇ ಬರಲಿಲ್ಲ. ನಾನು ಕಾರಣ ವಿವರಿಸಿದೆ. ಮಾವನ ಮುಖ ಅರಳಿತು. "ಅಂಗನ್ನು! ಸಂಬಂಧ ಅಂದ್ಮೇಲೆ ಅನುಮಾನ ಇಟ್ಕಬಾರ್ದು ಅಂತ ಈ ಡಬ್ಬಕ್ಕೂ ಗೊತ್ತಾಯ್ತು. ನಮ್ ಜನಕ್ಕೆ ಗೊತ್ತಾಗ್ತಿಲ್ಲ!"

ಆಷಾಢ ಬಂತು. ಆಷಾಢದಲ್ಲಿ ನಮ್ಮಲ್ಲಿ ಯಾರೂ ಮದುವೆಯ ಮಾತೆತ್ತುವುದಿಲ್ಲ, ಹೊಸ ಸೊಸೆಯಂದಿರು ತವರಿಗೆ ಹೋಗಿ ಕೂರುತ್ತಾರೆ. ಮಾವ ಖಾಲಿ ಪಟ್ಟಿಯೊಂದನ್ನು ಓಡಿಸಿ ಇಡೀ ಪರದೆಯನ್ನು ತೊಳೆದ ನೆಲದ ಹಾಗೆ ಬೋಳು ಮಾಡಿಬಿಟ್ಟರು. "ಎಲ್ಲಾ ತವರಿಗೋಗವ್ರೆ" ಅನ್ನುವುದು ವಿವರಣೆ. "ಗಂಡುಗಳೂನಾ ಮಾವ?" ಅಂತ ಕೇಳಿದ್ದಕ್ಕೆ, "ಅವೂ ಒಂದ್ ತಿಂಗ್ಳು ತಾಯಿ ಮನೇಲಿ ತಿಂದ್ಕಂಡಿರ್ಲಿ, ಆಮೇಲೆಲ್ಲಿ?" ಅಂದರು. ಹಿನಕಲ್ಲಿನ ಯಜಮಾನರೊಬ್ಬರು ಇದು ಗೊತ್ತಿಲ್ಲದೆ ಮಗನ ವಿಷಯ ವಿಚಾರಿಸಲು ಬಂದರು. ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗಿಸಿ ನೋಡಿದರು. ಬರೀ ನೀಲಿ. ಯಜಮಾನರ ದನಿ ನಡುಗಿತು: "ಏನ್ ಸ್ವಾಮಿ, ನನ್ ಮಗನ್ನ ಬುಟ್ಟು ಎಲ್ರಿಗೂ ಮದ್ವೆ ಆಗೋಯ್ತಾ?"

ಶ್ರಾವಣದ ಮೊದಲ ದಿನ ಒಳ್ಳೆಯ ಗಳಿಗೆ ನೋಡಿ ಹಳೆಯ ಪಟ್ಟಿ ಓಡಿಸಿದರು. ಎಲ್ಲರೂ ಮರಳಿ ಬಂದರು. ಆ ಯಜಮಾನರಿಗೂ ಸಮಾಧಾನವಾಯಿತು.

ಇಷ್ಟೆಲ್ಲ ಆದರೂ ಚಿಕ್ಕಮ್ಮನ ವಿಷಯ ಮಾತ್ರ ಮುಂದುವರಿಯಲಿಲ್ಲ. ಬಂದವರು ಹೆಣ್ಣಿನ ಸಾಲಿನ ಮೊದಲ ಚಿತ್ರವನ್ನು ಒತ್ತಿಸುತ್ತಿದ್ದರು, ಫೋಟೋ ನೋಡಿ ತಲೆದೂಗುತ್ತಿದ್ದರು, ಕೆಳಗಿನ ಸಂಗತಿ ಓದುತ್ತಲೇ ತುಟಿ ಸೊಟ್ಟ ಮಾಡುತ್ತಿದ್ದರು. ಗಂಡ ತೀರಿಕೊಂಡ ವಿಷಯವನ್ನು ಮಾವ ಮುಚ್ಚಿಟ್ಟಿರಲಿಲ್ಲ. ಹಾಗಂತ ಹೆಸರಿನ ಪಕ್ಕದಲ್ಲಿ ಅಂಟಿಸಿಯೂ ಇರಲಿಲ್ಲ. "ಬೋರ್ಡಲ್ಲಿ ಯಾಕೆ ಬರೀಲಿ? ಒಳಕ್ಕೆ ಬಂದು ಕೂತು ಓದ್ಲಿ" ಅನ್ನುತ್ತಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆಯೇ ಇರುವ ನಾಡಿನಲ್ಲಿ ಈ ಮನುಷ್ಯ ಒಂದೂ ಸುಳ್ಳು ಹೇಳದೆ ಅಂಗಡಿ ನಡೆಸಲು ಹೊರಟಿದ್ದರು!

ಆದರೆ ತುಟಿ ಸೊಟ್ಟ ಮಾಡಿದವರ ಗತಿ? ಕೇಳಬೇಡಿ! ಪಟ್ಟಿಯಲ್ಲಿ ಯಾವುದಾದರೂ ಸಾಲಿನ ಮುಂದೆ ಒಂದು ನಕ್ಷತ್ರದ ಗುರುತು ಹಾಕಿದರೆ ಪ್ರೋಗ್ರಾಂ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಅವರು ಗೇಟು ದಾಟುವುದರೊಳಗೆ ಮಾವ ಅವರ ಮಗನ ಸಾಲಿಗೆ ನಕ್ಷತ್ರ ಬಡಿದು ಪ್ರೋಗ್ರಾಂ ಓಡಿಸುತ್ತಿದ್ದರು. ಹುಡುಗ ಪರದೆಯಿಂದ ಮಾಯ! ಅದಕ್ಕೆ ಅವರಿಟ್ಟ ಹೆಸರು 'ಅಮಾನತು'. ತಿಂಗಳಾದ ಮೇಲೆ ಅವರು ಬಂದು "ನಮ್ ಉಡುಗನ್ನ ಯಾರೂ ಕೇಳ್ತಿಲ್ವಲ್ಲ" ಅಂದರೆ ಮಾವ ಗಂಭೀರವಾಗಿ "ನಕ್ಷತ್ರ ಸರಿಯಿಲ್ಲ ಸ್ವಾಮಿ, ಏನ್ಮಾಡೋದು" ಅನ್ನುತ್ತಿದ್ದರು. ಅದೂ ಸುಳ್ಳಲ್ಲವಲ್ಲ!

ಈ ಅಮಾನತುಗಳನ್ನು ರದ್ದು ಮಾಡಿಸುತ್ತಿದ್ದವಳು ಚಿಕ್ಕಮ್ಮ. "ಅಣ್ಣಯ್ಯ, ಅವ್ರ್ ಅಪ್ಪ ಅಮ್ಮ ಮೂತಿ ತಿರುವಿದ್ರೆ ಆ ಉಡ್ಗ ಏನ್ ಮಾಡ್ತು? ಪಾಪ, ತೆಗಿ ಅದನ್ನ."

"ತೆಗೆಯಾಕಿಲ್ಲ."

"ಸರಿ ಬುಡು. ನಾನೂ ಇವತ್ತು ಮುದ್ದೆ ಮಾಡಾಕಿಲ್ಲ."

ಅರ್ಧ ಗಂಟೆಯಲ್ಲಿ ಅಷ್ಟೂ ನಕ್ಷತ್ರಗಳು ಉದುರುತ್ತಿದ್ದವು. ಅಮಾನತು ಮಾಡುವವರು ಮಾವನಾದರೆ ಅಪೀಲಿನ ಕೋರ್ಟು ಅಡುಗೆಮನೆಯಲ್ಲಿತ್ತು.

ಇನ್ನೀಗ ಕೇಂದ್ರ ಶುರುವಾಗಿ ಎರಡು ವರ್ಷ ಕಳೆದ ಮೇಲೆ ಬಂದ ಯುಗಾದಿಯ ಕಥೆಗೆ ಬರುತ್ತೇನೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ನಗು ತಡೆಯುವುದಿಲ್ಲ! ಹೊಸ ವರ್ಷ ಬಂತು, ಎಲ್ಲರಿಗೂ ಒಂದೊಂದು ವಯಸ್ಸು ಹೆಚ್ಚಾಯಿತು, ಆದ್ದರಿಂದ ಪಟ್ಟಿಯಲ್ಲೂ ಹೆಚ್ಚಾಗಬೇಕು ಅಂತ ಮಾವನಿಗೆ ಅನ್ನಿಸಿತು. ಒಂದೊಂದೇ ಸಾಲು ತಿದ್ದುವುದಕ್ಕೆ ಅವರೇನು ದಡ್ಡರೇ? ಒಂದು ಪದ ಹುಡುಕಿ ಇನ್ನೊಂದನ್ನು ಎಲ್ಲ ಕಡೆಯೂ ಬದಲಾಯಿಸುವ ಉಪಾಯವನ್ನು ಅವರಿಗೆ ನಾನೇ ಕಲಿಸಿದ್ದೆ. ಹಬ್ಬದ ದಿನ ಸಂಜೆ ಬೇವುಬೆಲ್ಲ ತಿಂದು ಕೂತರು. ಇಪ್ಪತ್ತೊಂದು ಇದ್ದ ಕಡೆಯೆಲ್ಲ ಇಪ್ಪತ್ತೆರಡು ಮಾಡು ಅಂದರು. ಮಾಡಿತು. ಇಪ್ಪತ್ತೆರಡನ್ನು ಇಪ್ಪತ್ಮೂರು ಮಾಡು ಅಂದರು. ಮಾಡಿತು. ಹೀಗೇ ಕ್ರಮವಾಗಿ, ಶಿಸ್ತಾಗಿ, ಒಂದೂ ತಪ್ಪದೆ, ಮೂವತ್ತೊಂಬತ್ತನ್ನು ನಲವತ್ತು ಮಾಡುವವರೆಗೂ ಹೋದರು. ಅಲ್ಲಿಗೆ ನಿಲ್ಲಿಸಿದರು. "ನಲವತ್ತಾದ್ಮೇಲೆ ನಮ್ ಕೇಂದ್ರದಲ್ಲಿ ಯಾರ್ಗೂ ವಯಸ್ಸಾಗಾಕಿಲ್ಲ" ಅನ್ನುವುದು ಅವರದೇ ಒಂದು ನಿಯಮ.

ಏನಾಯಿತು ಅಂತ ನಿಮಗೆ ಹೊಳೆಯಿತೇ? ಇಪ್ಪತ್ತೊಂದರ ಹುಡುಗಿ ಇಪ್ಪತ್ತೆರಡಾದಳು. ಮರುಕ್ಷಣ ಇಪ್ಪತ್ತೆರಡರವರ ಜೊತೆ ಸೇರಿ ಇಪ್ಪತ್ಮೂರಾದಳು. ಅಲ್ಲಿಂದ ಇಪ್ಪತ್ನಾಲ್ಕು. ಮೆಟ್ಟಿಲು ಹತ್ತುತ್ತ ಹತ್ತುತ್ತ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಜೊತೆಗೆ ಕರೆದುಕೊಂಡು, ಇಡೀ ದಿಬ್ಬಣ ನಲವತ್ತಕ್ಕೆ ಹೋಗಿ ನಿಂತಿತು! ಮಾವ ಪಟ್ಟಿಯನ್ನು ಮತ್ತೆ ನೋಡಲೂ ಇಲ್ಲ. ಉಳಿಸಿದರು, ಓಡಿಸಿದರು, ತೃಪ್ತಿಯಿಂದ ಎದ್ದು ಹೋದರು.

ಮಾರನೆಯ ದಿನ ವರ್ಷತೊಡಕು. ನಮ್ಮ ಕಡೆ ಹಬ್ಬಕ್ಕಿಂತ ಅದರ ಮಾರನೆಯ ದಿನವೇ ಜೋರು. ಬಾಡೂಟ ಮುಗಿಸಿ, ಬಾಯಿಗೆ ಎಲೆಯಡಿಕೆ ಹಾಕಿಕೊಂಡು, ಹೊಸ ವರ್ಷದಲ್ಲಾದರೂ ಕಂಕಣ ಕೂಡಿಬರುತ್ತದೇನೋ ನೋಡೋಣ ಅಂತ ಜನ ಕೇಂದ್ರಕ್ಕೆ ಬಂದು ತುಂಬಿಕೊಂಡರು. ಬಂದವರು ಪರದೆ ನೋಡಿದರು. ರತ್ನ 40 ಟೀಚರ್. ಶಿವಣ್ಣ 40 ರೇಷ್ಮೆ ಇಲಾಖೆ. ಸುಮ 40. ಕುಮಾರ 40. ಎಡಕ್ಕೂ ನಲವತ್ತು, ಬಲಕ್ಕೂ ನಲವತ್ತು! ಒಬ್ಬ ತಾಯಿ ಅಲ್ಲೇ ಎದೆ ಹಿಡಿದುಕೊಂಡರು. "ನಂಗೇ ನಲವತ್ತೊಂದು ಕಣಣ್ಣ! ನನ್ ಮಗ್ಳಿಗೆ ನಲವತ್ತಾ? ತೊಟ್ಲಲ್ಲಿದ್ದಾಗ್ಲೇ ಹೆತ್ನಾ ನಾನು?" ಇನ್ನೊಬ್ಬರು, "ಹೋದ್ ತಿಂಗ್ಳು ಇಪ್ಪತ್ತೇಳು ಅಂದಿದ್ರಿ, ಇಷ್ಟ್ ಬೇಗ ನಲವತ್ತು ಎಂಗಾಯ್ತದೆ ಸ್ವಾಮಿ, ಮೋಸ!" ಅಂತ ಕೂಗಾಡಿದರು. ಗಾದೆಯ ಆ ಸಾವಿರ ಸುಳ್ಳನ್ನು, ಮಾವ ಹೇಳದೆ ಉಳಿಸಿಕೊಂಡಿದ್ದನ್ನು, ಕಂಪ್ಯೂಟರ್ ಒಂದೇ ಏಟಿಗೆ ಹೇಳಿ ಮುಗಿಸಿತ್ತು.

ಮಾವ ಬೆವರುತ್ತ ನನ್ನ ಕಡೆ ನೋಡಿದರು. ನಾನು ಪಟ್ಟಿ ತೆರೆದು ನೋಡಿ ಬಿದ್ದು ಬಿದ್ದು ನಕ್ಕೆ. "ಮೇಲಿಂದ ಶುರು ಮಾಡಬೇಕಿತ್ತು ಮಾವ! ಮೊದಲು ಮೂವತ್ತೊಂಬತ್ತು, ಆಮೇಲೆ ಮೂವತ್ತೆಂಟು, ಹಾಗೆ ಇಳಿದುಕೊಂಡು ಬರಬೇಕಿತ್ತು."

"ವಯಸ್ಸು ಯಾವತ್ತಾದ್ರೂ ಇಳೀತದೇನೇ?" ಅಂತ ನನ್ನ ಮೇಲೆಯೇ ರೇಗಿದರು.

ಒಳಗಿನ ಫೈಲುಗಳಲ್ಲಿ ಎಲ್ಲರ ವಯಸ್ಸೂ ಸರಿಯಾಗಿಯೇ ಇತ್ತು, ಕೈಮರ ಮಾತ್ರ ಕೆಟ್ಟಿತ್ತು. ನಾಳೆ ಸರಿ ಮಾಡುತ್ತೇವೆ ಅಂತ ಕೈಕಾಲು ಹಿಡಿದು ಎಲ್ಲರನ್ನೂ ಕಳಿಸಿದೆವು. ಒಬ್ಬರು ಮಾತ್ರ ಏಳಲಿಲ್ಲ. ಗೋಡೆಯ ಪಕ್ಕದ ಬೆಂಚಿನಲ್ಲಿ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು, ಇಲವಾಲದ ಕಾಂಪೌಂಡರು.

ಇವರ ಪರಿಚಯ ಹೇಳಲೇಬೇಕು. ಇಲವಾಲದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ನಿಜವಾಗಿ ನಲವತ್ತಾದವರು. ತಂಗಿಯರ ಮದುವೆ ಮಾಡುವುದರಲ್ಲಿ ತಮ್ಮ ಮದುವೆ ಮರೆತವರು. 'ದನದ ಆಸ್ಪತ್ರೆ' ಎಂಬ ಮಾತು ಕೇಳಿದೊಡನೆ ಹೆಣ್ಣಿನ ಕಡೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಕೇಂದ್ರ ಶುರುವಾದಾಗಿನಿಂದಲೂ ಗಂಡಿನ ಸಾಲಿನ ಕೊನೆಯಲ್ಲಿ ಇವರ ಚಿತ್ರ ಇತ್ತು. ಆಗಾಗ ಬರುವುದು, ಬೆಂಚಿನಲ್ಲಿ ಕೂರುವುದು, ಚಿಕ್ಕಮ್ಮ ಕೊಟ್ಟದ್ದು ತಿಂದು ಕಾಫಿ ಕುಡಿದು ಹೋಗುವುದು. ಯಾರ ಫೈಲನ್ನೂ ತೆಗೆಯಿರಿ ಅಂತ ಕೇಳಿದವರೇ ಅಲ್ಲ. "ಇಪ್ಪತ್ತರ ಮಕ್ಳು ಸಾರ್, ಕೇಳಾಕೆ ನಾಚ್ಕೆ" ಅನ್ನುತ್ತಿದ್ದರು.

ಅವರು ಮೆಲ್ಲಗೆ ಎದ್ದು ಬಂದು ಪರದೆಯ ಮುಂದೆ ನಿಂತರು. "ಇವತ್ತು ಎಲ್ಲಾ ನನ್ ಜೊತೆಯೋರೇ ಕಾಣ್ತಾವ್ರಲ್ಲ ಸಾರ್" ಅಂದರು.

"ಅಯ್ಯೋ ಬುಡಿ ಕಾಂಪೌಂಡ್ರೇ, ತಪ್ಪಾಗದೆ. ನಾಳೆ ಬನ್ನಿ."

"ತಪ್ಪಾದಾಗ್ಲೇ ಕೇಳ್ಬುಡ್ತೀನಿ ಸಾರ್. ನಾಳೆ ಮತ್ತೆ ಧೈರ್ಯ ಇರಾಕಿಲ್ಲ. ಆ ಬಲ್ಗಡೆ ಸಾಲಲ್ಲಿ ಮೊದಲ್ನೇದು ತೆಗೀರಿ."

ಒಳಗೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಮಾವ ಚಿಕ್ಕಮ್ಮನ ಫೈಲು ತೆರೆದರು. ಒಂದು ಕೈ ಕೀಬೋರ್ಡಿನ ಮೇಲೆಯೇ ಇತ್ತು, ತುಟಿ ಸೊಟ್ಟಗಾದರೆ ನಕ್ಷತ್ರ ಬಡಿಯಲು ಸಿದ್ಧವಾಗಿ! ಕಾಂಪೌಂಡರು ಮೇಲಿನಿಂದ ಕೆಳಗಿನವರೆಗೆ, ಔಷಧಿ ಬಾಟಲಿಯ ಚೀಟಿ ಓದುವ ಹಾಗೆ, ಒಂದಕ್ಷರ ಬಿಡದೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೊಂದು ಸಲ ಓದಿದರು.

"ಇದ್ರಲ್ಲಿ ಒಂದ್ ತಪ್ಪದೆ ಸಾರ್" ಅಂದರು.

ಮಾವನ ಬೆರಳು ನಕ್ಷತ್ರದ ಕೀಲಿಗೆ ಹೋಯಿತು. "ಏನ್ ತಪ್ಪು?"

"'ಅಡುಗೆ ಸಾಧಾರಣ' ಅಂತ ಬರ್ದಿದೀರಿ. ನಾನ್ ಇಲ್ಲಿ ತಿಂದಿವ್ನಲ್ಲ ಸಾರ್. ಸಾಧಾರಣ ಅಲ್ಲ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಹೋಗುವಾಗ ಅಡುಗೆಮನೆಯ ಕಡೆ ಒಂದು ಸಲ ನೋಡಿದರು. ಮಾವ ಕುರ್ಚಿಯಲ್ಲಿ ಹಾಗೇ ಕೂತಿದ್ದರು. ಆಮೇಲೆ ಸಿಡಿದೆದ್ದರು ನೋಡಿ! "ಬಂದ್ಬುಟ್ಟ ಕಣೇ! ಒಬ್ಬ ಮನುಷ್ಯ ಬಂದ್ಬುಟ್ಟ! ಏ, ಕಾಫಿ ಮಾಡು! ಬ್ಯಾಡ, ಪಾಯ್ಸ ಮಾಡು! ಬ್ಯಾಡ, ಪಂಚಾಂಗ ಎಲ್ಲಿ?" ಅಂತ ಮೂರು ಕೋಣೆಗೂ ಓಡಾಡಿದರು.

ಚಿಕ್ಕಮ್ಮ ರವಿಕೆಗೆ ಹುಕ್ಕು ಹಾಕುತ್ತ ಹೊಸ್ತಿಲಿಗೆ ಬಂದು ನಿಂತಳು. "ಅಣ್ಣಯ್ಯ, ಕುಣಿಯೋದು ಆಮೇಲೆ. ನನ್ನ ಯಾರೂ ಕೇಳ್ಳೇ ಇಲ್ವಲ್ಲ."

ಮಾವ ಗಕ್ಕನೆ ನಿಂತರು. ನಿಜ, ಇಷ್ಟು ವರ್ಷದಲ್ಲಿ ಊರಿನವರನ್ನೆಲ್ಲ ಕೇಳಿದ್ದರು, ಇವಳನ್ನು ಕೇಳಿರಲಿಲ್ಲ. ಮೆತ್ತಗೆ, "ಏನಂತೀಯವ್ವ?" ಅಂದರು.

"ಆವಯ್ಯನ ಫೈಲು ನಾನು ಯಾವತ್ತೋ ಓದಿವ್ನಿ. ಕಂಪ್ಯೂಟ್ರು ಒರ್ಸುವಾಗ. 'ಹವ್ಯಾಸ' ಅಂತ ಇರೋ ಕಡೆ ಎಲ್ರೂ ಪುಸ್ತಕ ಓದದು, ಸಂಗೀತ ಕೇಳದು ಅಂತ ಬರ್ಸವ್ರೆ. ಆವಯ್ಯ 'ಸಂಜೆ ಹೊತ್ತು ಸುಮ್ನೆ ಕೂರೋದು' ಅಂತ ಬರ್ಸವ್ನೆ. ಸುಳ್ಳು ಹೇಳೋ ಪೈಕಿ ಅಲ್ಲ." ಸೂಜಿಯಿಂದ ದಾರ ಕಡಿದಳು. "ನಂಗೆ ಒಪ್ಗೆ ಅದೆ. ಆದ್ರೆ ನಾನೋದ್ರೆ ನಿಂಗೆ ಮುದ್ದೆ ಯಾರ್ ಮಾಡ್ತಾರೆ?"

"ಓಟ್ಲು ಅದೆ."

"ಜ್ವರ ಬಂದ್ರೆ?"

"ಅವ್ನೇ ಕಾಂಪೌಂಡ್ರಲ್ವೇನೇ!"

"ಅವ್ರು ದನ ನೋಡೋರು."

"ನಾನೇನ್ ಕಮ್ಮಿನಾ?" ಅಂದರು ಮಾವ. ಚಿಕ್ಕಮ್ಮ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗಂತೂ ಕುಣಿದಾಡುವಷ್ಟು ಸಂತೋಷವಾಗಿತ್ತು. ಇನ್ನೊಂದು ಕಡೆ, ಈ ಮನೆಯಲ್ಲಿ ಇನ್ನು ಮಾವ ಒಬ್ಬರೇ ಅನ್ನುವುದೂ ಅದೇ ಹೊತ್ತಿಗೆ ಹೊಳೆಯಿತು.

ಸಂಬಂಧಿಕರಲ್ಲಿ ಕೆಲವರು ಗೊಣಗಿದರು. ಮಾವ ಅವರನ್ನು ಕರೆಯಲೇ ಇಲ್ಲ. ದೇವಸ್ಥಾನವೊಂದರಲ್ಲಿ ಸರಳವಾಗಿ ಮದುವೆಯಾಯಿತು. ಕೇಂದ್ರದಿಂದ ಮದುವೆಯಾಗಿದ್ದ ಜೋಡಿಗಳೆಲ್ಲ ಮಕ್ಕಳುಮರಿ ಸಮೇತ ಬಂದು ಸಾಲುಗಟ್ಟಿ ಊಟಕ್ಕೆ ಕೂತವು. ಬಡಿಸಲು ಕೈ ಸಾಲಲಿಲ್ಲ. ಮಾವ ಸಾರಿನ ಬಕೆಟ್ ಹಿಡಿದು ಓಡಾಡುತ್ತ, ಕಂಡವರಿಗೆಲ್ಲ "ನೋಡುದ್ರಾ! ಕೊನೇಗೂ ಕಂಪ್ಯೂಟ್ರು ಒಪ್ಕೊಂತು!" ಅನ್ನುತ್ತಿದ್ದರು. ಕಳಿಸಿಕೊಡುವಾಗಲೂ ಅಳಲಿಲ್ಲ. ಇಲವಾಲವೇನು ದೂರವೇ, ಹುಣಸೂರು ರಸ್ತೆಯಲ್ಲಿ ಅರ್ಧ ಗಂಟೆಯ ದಾರಿ, ಇಲ್ಲೇ ಪಕ್ಕದಲ್ಲಿ ಅಂತ ಎಲ್ಲರಿಗೂ ಅವರೇ ಸಮಾಧಾನ ಹೇಳಿದರು.

ಮೂರು ದಿನ ಬಿಟ್ಟು ಮಧ್ಯಾಹ್ನ ನಾನು ಶ್ರೀರಾಂಪುರಕ್ಕೆ ಹೋದೆ. ಕದ ತೆರೆದೇ ಇತ್ತು. ಮಾವ ಬನಿಯನ್ನಿನಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದರು. ಮದುವೆಯಾದವರ ಫೈಲನ್ನು ಅಳಿಸಿ, ಪಟ್ಟಿಯಿಂದ ಅವರ ಸಾಲನ್ನೂ ತೆಗೆದು, ಆ ಕೂಡಲೇ ಪ್ರೋಗ್ರಾಂ ಓಡಿಸುವುದು ಅವರ ಕ್ರಮ. ಕಾಂಪೌಂಡರ ಚಿತ್ರ ಹೋಗಿತ್ತು. ಚಿಕ್ಕಮ್ಮನ ಫೈಲನ್ನೂ ಅಳಿಸಿದ್ದರು, ಸಾಲನ್ನೂ ತೆಗೆದಿದ್ದರು. ಆದರೆ ಆಮೇಲೆ ಪ್ರೋಗ್ರಾಂ ಓಡಿಸಿರಲಿಲ್ಲ. ಬಲಗಡೆಯ ಸಾಲಿನಲ್ಲಿ ಚಿಕ್ಕಮ್ಮನ ಹೆಸರು ಇನ್ನೂ ಇತ್ತು. ಮಾವ ಮೌಸ್ ಹಿಡಿದು ಅದನ್ನೇ ಒತ್ತಿದ್ದರು.

ಇಲ್ಲದ ಫೈಲಿನ ಕೈಮರ ಒತ್ತಿದರೆ ಆ ಕಾಲದ ಕಂಪ್ಯೂಟರ್ ಸುಮ್ಮನೆ ಇಲ್ಲ ಅನ್ನುತ್ತಿರಲಿಲ್ಲ. ಪರದೆಯ ನಡುವೆ ಒಂದು ಪೆಟ್ಟಿಗೆ ತೆರೆದು, ಅದರಲ್ಲೊಂದು ಪುಟ್ಟ ಟಾರ್ಚು ಆ ಕಡೆ ಈ ಕಡೆ ಬೆಳಕು ಆಡಿಸುತ್ತ, ಕಳೆದುಹೋದದ್ದನ್ನು ಹುಡುಕುತ್ತಿತ್ತು. ಮಾವ ಗಲ್ಲಕ್ಕೆ ಕೈಯಿಟ್ಟು ಅದನ್ನೇ ನೋಡುತ್ತಿದ್ದರು.

"ಮಾವ, ಅದು ಸಿಗಲ್ಲ. ಕ್ಯಾನ್ಸಲ್ ಒತ್ತಿ" ಅಂದೆ.

"ಉಡುಕ್ಲಿ ಬುಡೇ. ಅದ್ಕೇನ್ ಕೆಲ್ಸ?"

ಟಾರ್ಚು ತುಂಬಾ ಹೊತ್ತು ಹುಡುಕಿತು. ಕೊನೆಗೆ ನಿಂತು, ಕೇಳಿದ್ದು ಸಿಗಲಿಲ್ಲ, ಅದನ್ನೇ ಹೋಲುವ ಇನ್ನೊಂದಿದೆ, ಅದರ ಬದಲು ಇದಕ್ಕೆ ಜೋಡಿಸಲೇ ಅಂತ ಬೇರೆ ಯಾರದೋ ಹೆಸರು ತೋರಿಸಿತು. ಮಾವ ಕನ್ನಡಕ ಏರಿಸಿಕೊಂಡು ಆ ಹೆಸರನ್ನು ಓದಿದರು. ತಲೆಯಾಡಿಸಿದರು.

"ಇವಳಲ್ಲ ಕಣಪ್ಪ" ಅಂತ ಪರದೆಗೇ ಹೇಳಿ, 'ನೋ' ಒತ್ತಿದರು. ಅವರ ಕಣ್ಣು ತುಂಬಿತ್ತು.

ಮಾವ ಎದ್ದರು. ಗೂಟದಲ್ಲಿದ್ದ ಅಂಗಿ ತೆಗೆದು ತೊಟ್ಟುಕೊಂಡರು. "ಎಲ್ಲಿಗೆ ಮಾವ?" ಅಂದೆ.

"ಇದ್ಕೆ ಗೊತ್ತಿಲ್ಲ. ನಂಗೆ ಗೊತ್ತದೆ ಎಲ್ಲವ್ಳೆ ಅಂತ" ಅನ್ನುತ್ತ, ಗುಂಡಿ ಹಾಕಿಕೊಳ್ಳುತ್ತಲೇ, ಇಲವಾಲದ ಬಸ್ಸಿಗೆ ಹೊರಟರು.